ಮೊದಲು ಆನೆ ಕೊಯ್ಯಿರಿ, ಆಮೇಲೆ ಹಲಗೆ

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನನ್ನದು ಸಣ್ಣ ಫರ್ನಿಚರ್ ರಿಪೇರಿ ಅಂಗಡಿ. 14 ಇಂಚಿನ ಹಳೇ ಬ್ಯಾಂಡ್ ಸಾ (ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಸುತ್ತುತ್ತಾ ಮರ ಕೊಯ್ಯೋ ಮಷೀನು) ಸಿಕ್ತು ಅಂತ ತಗೊಂಡೆ. ಹಲಗೆ ಉದ್ದಕ್ಕೆ ಸೀಳೋಕೆ ಹೋದರೆ ಬ್ಲೇಡು ಗೆರೆ ಬಿಟ್ಟು ಎಡಕ್ಕೇ ಹೋಗುತ್ತೆ. ಕಲಿಯೋದು ಎಲ್ಲಿಂದ? ಮಗಳಿಗೊಂದು ಆಟಿಕೆ ಮಾಡೋ ಆಸೆಯೂ ಇದೆ.

ಉತ್ತರ: ಆಟಿಕೆಯಿಂದಲೇ ಶುರು ಮಾಡಿ. ನೇರ ಸೀಳು ಸುಲಭ, ತಿರುವು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಈ ಮಷೀನಿನಲ್ಲಿ ಅದು ಉಲ್ಟಾ. ಫೆನ್ಸಿಗೆ, ಅಂದರೆ ಟೇಬಲ್ ಮೇಲೆ ಮರಕ್ಕೆ ಆಸರೆಯಾಗಿ ಕೂರಿಸುವ ನೇರ ಪಟ್ಟಿಗೆ, ಒತ್ತಿಕೊಂಡು ಸೀಳುವಾಗ ಬ್ಲೇಡು ವಾಲಿದರೆ ತಿದ್ದುವುದಕ್ಕೆ ಜಾಗವೇ ಇರುವುದಿಲ್ಲ, ಬರೀ ಕೈಯಲ್ಲಿ ತಿರುಗಿಸುತ್ತಾ ಹೋದರೆ ಕೈಯೇ ತಿದ್ದಿಕೊಳ್ಳುತ್ತದೆ. ಹಳೇ ಬ್ಲೇಡು ಮೊದಲು ಬಿಚ್ಚಿಡಿ. ಒಂದು ಬದಿಯ ಹಲ್ಲು ಮೊಂಡಾಗಿದ್ದರೆ ಅದು ಚೂಪಾಗಿರುವ ಬದಿಗೇ ಎಳೆಯುತ್ತದೆ.

ಕಾಲಿಂಚು ಅಗಲದ, ಇಂಚಿಗೆ 6 ಹಲ್ಲಿರುವ ಬ್ಲೇಡು ಹಾಕಿ. 18 ಮಿ.ಮೀ. ಪೈನ್ ತುಂಡಿನ ಮೇಲೆ ಆನೆಯ ಚಿತ್ರ ಅಂಟಿಸಿ. ಆನೆ ಯಾಕೆಂದರೆ ಬೆನ್ನು ದೊಡ್ಡ ತಿರುವು, ಸೊಂಡಿಲು ಸಣ್ಣ ತಿರುವು, ಕಾಲಿನ ಸಂದು ಇಕ್ಕಟ್ಟು. ಎಲ್ಲಾ ಒಂದರಲ್ಲೇ ಇದೆ. ಈ ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದವರೆಗೆ ತಿರುಗುತ್ತದೆ. ಅರ್ಧ ಇಂಚಿನದ್ದಕ್ಕೆ 60 ಮಿ.ಮೀ. ಮೇಲೆಯೇ ಬೇಕು, ಜಬರ್ದಸ್ತಿ ಮಾಡಿದರೆ ತಿರುಚಿಕೊಂಡು ಚಕ್ರದಿಂದ ಜಾರುತ್ತದೆ. ಸೊಂಡಿಲಿನ ಹತ್ತಿರ ಹೊರಗಿನಿಂದ ಗೆರೆಯವರೆಗೆ ಮೂರ್ನಾಲ್ಕು ಅಡ್ಡ ಕೊಯ್ತ ಹಾಕಿಕೊಳ್ಳಿ. ಆಮೇಲೆ ತಿರುವು ಕೊಯ್ಯುವಾಗ ಚೂರುಗಳು ತಾವಾಗಿಯೇ ಉದುರಿ ಬ್ಲೇಡಿಗೆ ಜಾಗ ಸಿಗುತ್ತದೆ. ಗೆರೆ ಅಳಿಸಬೇಡಿ, ಕೂದಲೆಳೆಯಷ್ಟು ಹೊರಗೇ ಇರಿ, ಉಳಿದದ್ದು ಸ್ಯಾಂಡ್ ಪೇಪರ್ ನೋಡಿಕೊಳ್ಳುತ್ತದೆ.

ಬ್ಲೇಡು ಅಲುಗಾಡದಂತೆ ಹಿಡಿಯುವ ಮೇಲಿನ ಗೈಡು ಮರಕ್ಕಿಂತ ಕಾಲಿಂಚು ಮಾತ್ರ ಎತ್ತರದಲ್ಲಿರಲಿ. ಬ್ಲೇಡಿನ ಹಿಂದಿನ ಬೇರಿಂಗ್ ಸುಮ್ನೆ ಓಡುವಾಗ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ನಡುವೆ ಒಂದು ಕಾಗದ ತೂರುವಷ್ಟು ಸಂದು ಇಟ್ಟರೆ ಸಾಕು. ಅರ್ಧ ಕೊಯ್ದ ಸಂದಿಯಿಂದ ಮರ ಹಿಂದಕ್ಕೆ ಎಳೆಯಬೇಕಾದರೆ ಮಷೀನು ನಿಲ್ಲಿಸಿಯೇ ಎಳೆಯಿರಿ. ಇನ್ನು ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆಯಲ್ಲ, ನಡುವೆ ಹೋಯಿತು ಅಂದರೆ ಮೊದಲು ಸ್ವಿಚ್ ಆಫ್ ಮಾಡಿ. ಹಳೇ ಸ್ವಿಚ್ ಇರುವ ಮಷೀನು ಕರೆಂಟು ಬಂದ ಕೂಡಲೇ ತಾನೇ ಓಡಲು ಶುರುವಾಗುತ್ತದೆ, ಆಗ ನಿಮ್ಮ ಕೈ ಎಲ್ಲಿರುತ್ತೋ!

ಆನೆ ಆದ ಮೇಲೆ ಅಡುಗೆಮನೆಗೊಂದು ಮರದ ಸೌಟು ಕೊಯ್ಯಿರಿ. ಹಲಗೆ ಸೀಳುವುದು ಅದರ ನಂತರ. ಅದಕ್ಕೆ ಅರ್ಧ ಇಂಚಿನ, ಇಂಚಿಗೆ 3 ಹಲ್ಲಿನ ಬ್ಲೇಡು ಬೇಕು. ವೇಸ್ಟ್ ಹಲಗೆಯ ಅಂಚಿಗೆ ಸಮವಾಗಿ ಗೆರೆ ಎಳೆದು, ಫೆನ್ಸಿಲ್ಲದೆ ಕೈಯಲ್ಲೇ ಗೆರೆ ಹಿಡಿದು ಅರ್ಧ ಕೊಯ್ದು ನಿಲ್ಲಿಸಿ. ಹಲಗೆ ಯಾವ ಓರೆಯಲ್ಲಿ ನಿಂತಿದೆಯೋ ಅದನ್ನು ಟೇಬಲ್ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಫೆನ್ಸನ್ನು ಅದಕ್ಕೇ ಕೂರಿಸಿ. ನಿಮ್ಮ ಎಡಕ್ಕೆ ಎಳೆಯುವ ತಕರಾರು ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಚಿತ್ರದುರ್ಗದಿಂದ. ಬೇವಿನ ಕೊಂಬೆಯನ್ನು ಟೀ ಲೋಟ ಇಡುವ ಬಿಲ್ಲೆಗಳಾಗಿ ಕೊಯ್ಯಬೇಕು. ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಹಿಡಿದರೆ ಆಗಲ್ವಾ?

ಉತ್ತರ: ಆಗಲ್ಲ. ಗುಂಡಗಿನ ಮರ ಹಲ್ಲು ತಾಗಿದ ತಕ್ಷಣ ಉರುಳುತ್ತದೆ, ಕೈಯನ್ನೂ ಜೊತೆಗೆ ಎಳೆಯುತ್ತದೆ. ಗ್ಲೌಸ್ ಇದ್ದರೆ ಇನ್ನೂ ಕೆಟ್ಟದು, ಬಟ್ಟೆ ಹಲ್ಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳೋಕೆ ಟೈಮೇ ಇರಲ್ಲ. ಹಲಗೆ ಮೇಲೆ ಎರಡು ಪಟ್ಟಿಗಳನ್ನು ಇಳಿಜಾರಾಗಿ ಎದುರುಬದುರು ಬಡಿದು 'ವಿ' ಆಕಾರ ಮಾಡಿ, ಬ್ಲೇಡಿನ ದಾರಿಗೆ ಬರದ ಕಡೆ ಸ್ಕ್ರೂ ಹೊಡೆದು ಕೊಂಬೆಯನ್ನು ಅದರಲ್ಲಿ ಬಿಗಿ ಮಾಡಿ, ಹಲಗೆ ಸಮೇತ ತಳ್ಳಿ. ಹಸಿ ಕೊಂಬೆ ಕೊಯ್ಯಬೇಡಿ, ಒಣಗುವಾಗ ಬಿಲ್ಲೆ ನಡುವಿಂದ ಅಂಚಿಗೆ ಸೀಳು ಬಿಡುತ್ತದೆ. ಎರಡೂ ತುದಿಗೆ ಪೇಂಟ್ ಬಳಿದು ಕೊಂಬೆಯನ್ನೇ ನೆರಳಲ್ಲಿ ಕೆಲವು ತಿಂಗಳು ಒಣಗಲು ಬಿಡಿ.