ಮೈಸೂರಿನ ಹೊಸ ಮನೆಗೆ ಬಿಸಿನೀರು: ಸೋಲಾರ್ ಹಾಕಿಸೋದಾ, ಗೀಸರ್ ಸಾಕಾ?

ನೀವು ಕೇಳಿರುವುದು ಇಷ್ಟು: ಜರ್ಮನಿಯಿಂದ ವಾಪಸ್ ಬರುತ್ತಿದ್ದೀರಿ, ಬೋಗಾದಿ ಆಚೆ 40–60ರ ಸೈಟಿನಲ್ಲಿ ಮಹಡಿ ಮನೆ ಕಟ್ಟಿಸುತ್ತಿದ್ದೀರಿ. ನೆಲಮಹಡಿಯ ಮೋಲ್ಡ್ ಆಗಿದೆ, ನೀರು ಬೋರ್‌ವೆಲ್‌ದು. ಅಮ್ಮನೂ ಸೇರಿ ಐದು ಜನ. ಅಲ್ಲಿನ ಹಾಗೆ ಮನೆ ಬೆಚ್ಚಗಿಡುವುದಕ್ಕೂ ಸ್ನಾನದ ನೀರಿಗೂ ಒಂದೇ ವ್ಯವಸ್ಥೆ ಮಾಡಿಸಬೇಕಾ, ಅಥವಾ ಸೋಲಾರ್, ಗೀಸರ್, ಹೀಟ್ ಪಂಪ್ (ಗಾಳಿಯ ಶಾಖ ಹೀರಿ ನೀರು ಕಾಯಿಸುವ ಯಂತ್ರ) ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾ? ನಾನು ಮೈಸೂರಿನಲ್ಲಿ ಪ್ಲಂಬಿಂಗ್ ಕಾಂಟ್ರಾಕ್ಟ್ ಮಾಡುವವನು. ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮನೆ ಬೆಚ್ಚಗಿಡುವ ಯೋಚನೆ ಬಿಟ್ಟುಬಿಡಿ. ಡಿಸೆಂಬರ್, ಜನವರಿಯಲ್ಲೂ ಇಲ್ಲಿನ ರಾತ್ರಿ ಸಾಮಾನ್ಯವಾಗಿ 16–17 ಡಿಗ್ರಿ. ಎಲ್ಲೋ ಕೆಲವು ದಿನ ಅದಕ್ಕಿಂತ ಕೆಳಗೆ ಹೋಗುತ್ತದೆ, ಬೆಳಿಗ್ಗೆ ಹತ್ತಕ್ಕೆಲ್ಲ ಬಿಸಿಲು. ಅಮ್ಮನಿಗೆ ಚಳಿ ಅನಿಸಿದರೆ ಅವರ ರೂಮಿಗೆ ಒಂದು ಆಯಿಲ್ ಹೀಟರ್ ತಂದಿಡಿ, ಸಾಕು.

ಬಿಸಿನೀರಿಗೆ ನನ್ನ ಉತ್ತರ: ತಾರಸಿ ಮೇಲೆ ಸೋಲಾರ್, ಮೋಡದ ದಿನಗಳಿಗೆ ಬಾತ್‌ರೂಮಿನಲ್ಲಿ ಒಂದು ಸಣ್ಣ ಗೀಸರ್. ಇದರಲ್ಲಿ ಹೊಸದೇನೂ ಇಲ್ಲ, ಮೈಸೂರಿನ ಅರ್ಧ ಊರು ಹೀಗೇ ಇದೆ. ಹೊಸ ಕರೆಂಟ್ ಕನೆಕ್ಷನ್ ಕೊಡುವಾಗಲೂ ಸೋಲಾರ್ ಹಾಕಿಸಿದ್ದೀರಾ ಅಂತ ಕೇಳುತ್ತಾರೆ. ಆದರೆ ಜನ ಯಾವ ಕಂಪನಿ, ಎಷ್ಟು ಲೀಟರ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು ನೀರು ಎಂಥದ್ದು, ಪೈಪು ಎಲ್ಲಿ ಹೋಗುತ್ತದೆ, ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ನೋಡುವುದಿಲ್ಲ. ಸೋಲಾರ್ ಕೆಟ್ಟಿದೆ ಅಂತ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಈ ಮೂರರದ್ದೇ ರಗಳೆ.

ಮೊದಲು ನೀರು. ಊರೊಳಗೆ ಕಾವೇರಿ, ಕಬಿನಿ ನೀರು ಬರುವ ಕಡೆ ತೊಂದರೆ ಕಡಿಮೆ. ನಿಮ್ಮದು ಬೋರ್ ನೀರು. ಅದರಲ್ಲಿ ಕರಗಿರುವ ಸುಣ್ಣದ ಅಂಶ ನೀರು ಕಾದ ಹಾಗೆಲ್ಲ ಹೊರಗೆ ಬಿದ್ದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈಗ ಎಲ್ಲರೂ ಹಾಕಿಸುವುದು ಗಾಜಿನ ಟ್ಯೂಬಿನ ಸೋಲಾರ್, ಅದನ್ನೇ ಇಟಿಸಿ ಅನ್ನುತ್ತಾರೆ. ಅದರ ಟ್ಯೂಬಿನ ಒಳಗೇ ನೀರು ತುಂಬಿರುತ್ತದೆ, ಕೆಳತುದಿ ಮುಚ್ಚಿರುತ್ತದೆ. ಬೋರ್ ನೀರಿನ ಮನೆಯಲ್ಲಿ ಒಂದು ಟ್ಯೂಬ್ ಬಿಚ್ಚಿ ತಲೆಕೆಳಗು ಮಾಡಿ ನೋಡಿ. ಮೊದಲು ಬೆಚ್ಚಗಿನ ಕದಡಿದ ನೀರು ಬರುತ್ತದೆ. ಆಮೇಲೆ ಮೊಟ್ಟೆ ಸಿಪ್ಪೆಯಂಥ ಬಿಳಿ ಚಕ್ಕೆಗಳು ಗಾಜಿಗೆ ತಾಗಿ ಸದ್ದು ಮಾಡುತ್ತಾ ಜಾರಿ ಬೀಳುತ್ತವೆ. ತಳದಲ್ಲಿ ಗೇಣುದ್ದ ಅದೇ ತುಂಬಿಕೊಂಡಿದ್ದರೆ ಅಷ್ಟು ಭಾಗ ಬಿಸಿಲಿದ್ದೂ ದಂಡ. ಇಂಥ ಟ್ಯೂಬನ್ನು ತೊಳೆಯಬಹುದು, ಒಡೆದರೆ ಬದಲಿಸಬಹುದು. ಇನ್ನೊಂದು ಬಗೆ ಎಫ್‌ಪಿಸಿ, ಅಂದರೆ ಗಾಜಿನ ಕೆಳಗೆ ತಾಮ್ರದ ಪೈಪಿರುವ ಚಪ್ಪಟೆ ಪೆಟ್ಟಿಗೆ. ದರ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ಅದರ ಸಣ್ಣ ಪೈಪಿನೊಳಗೆ ಸುಣ್ಣ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ. ಗಡಸು ನೀರಿಗೆ ಎಫ್‌ಪಿಸಿ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ತೆಗೆದುಕೊಳ್ಳಿ. ಅದರಲ್ಲಿ ತಾಮ್ರದ ಪೈಪಿನಲ್ಲಿ ಸುತ್ತುವುದು ಬೇರೆ ದ್ರವ, ಅದರ ಶಾಖದಿಂದ ಟ್ಯಾಂಕಿನ ನೀರು ಕಾಯುತ್ತದೆ. ಬೋರ್ ನೀರು ಆ ಪೈಪಿಗೆ ಹೋಗುವುದೇ ಇಲ್ಲ.

ಅದಕ್ಕೇ ಮೊದಲು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ. ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ಹೇಳುವ ಸಂಖ್ಯೆ ನಂಬಬೇಡಿ, ಅದು ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಅಂದಾಜು, ಗಡಸುತನ ಅಳೆಯುವುದಿಲ್ಲ. ರಿಪೋರ್ಟಿನಲ್ಲಿ ಒಟ್ಟು ಗಡಸುತನ ಅನ್ನುವ ಸಾಲು ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನನ್ನ ಲೆಕ್ಕದಲ್ಲಿ 200ರ ಆಸುಪಾಸು ಇದ್ದರೆ ಇಟಿಸಿ ಹಾಕಿಸಿ, ವರ್ಷಕ್ಕೊಮ್ಮೆ ಟ್ಯೂಬ್ ತೊಳೆಸಿ, ಟ್ಯಾಂಕ್ ತುಕ್ಕು ಹಿಡಿಯದಂತೆ ಒಳಗಿಟ್ಟಿರುವ ಮೆಗ್ನೀಸಿಯಂ ಸರಳು (ಆನೋಡ್) ಸವೆದಿದ್ದರೆ ಬದಲಿಸಿ. 400–500 ದಾಟಿದ್ದರೆ ಗಡಸುತನ ತೆಗೆಯುವ ಸಾಫ್ಟ್‌ನರ್ ಇಲ್ಲದೆ ಯಾವ ಸೋಲಾರೂ ಬೇಡ, ಗೀಸರಿನ ಕಾಯಿಲ್ ಕೂಡ ಬಾಳುವುದಿಲ್ಲ.

ಇನ್ನು ಎಷ್ಟು ಲೀಟರ್ ಅನ್ನುವುದು. ನಿಮ್ಮ ಮನೆಯವರು ಬಕೆಟ್ಟಿನವರೋ ಶವರಿನವರೋ? ತಣ್ಣೀರು 22 ಡಿಗ್ರಿ, ಸ್ನಾನದ ನೀರು 42 ಅಂತ ಇಟ್ಟುಕೊಳ್ಳಿ. ಐದು ಜನಕ್ಕೆ 20 ಲೀಟರಿನ ಒಂದೊಂದು ಬಕೆಟ್ ಅಂದರೆ 100 ಲೀಟರ್. ಕರೆಂಟಿನಲ್ಲಿ ಕಾಯಿಸಿದರೆ ದಿನಕ್ಕೆ ಸುಮಾರು 2.3 ಯೂನಿಟ್. ಅದೇ ಐವರೂ ಹತ್ತು ಹತ್ತು ನಿಮಿಷ ಶವರ್ ಕೆಳಗೆ ನಿಂತರೆ, ನಿಮಿಷಕ್ಕೆ 8 ಲೀಟರಿನ ಹಾಗೆ 400 ಲೀಟರ್, ಅಂದರೆ 9 ಯೂನಿಟ್ ಮೇಲೆ! ತಿಂಗಳಿಗೆ 270 ದಾಟಿತು. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹೊಸ ಮನೆಗೆ ಹಳೆಯ ಬಳಕೆಯ ಲೆಕ್ಕ ಇರುವುದಿಲ್ಲ ಅಂತ 2023ರಲ್ಲಿ ಯೋಜನೆ ಶುರುವಾದಾಗ ಬರೀ 53 ಯೂನಿಟ್, ಅದರ ಮೇಲೆ ಶೇ 10 ಅಂತ ನಿಗದಿ ಮಾಡಿದ್ದರು. ಬರೀ ಗೀಸರ್ ನಂಬಿಕೊಂಡರೆ ಅದು ಯಾವ ಮೂಲೆಗೆ? ಸೋಲಾರಿನಲ್ಲಿ 60 ಡಿಗ್ರಿಯ 200 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ ಸುಮಾರು 380 ಲೀಟರ್ ಸ್ನಾನದ ನೀರಾಗುತ್ತದೆ. ಬಕೆಟ್ ಮನೆಗೆ ಇದು ಧಾರಾಳ, ಶವರ್ ಮನೆಗೆ 300 ಲೀಟರಿನದು ತೆಗೆದುಕೊಳ್ಳಿ. ಒಂದು ವಿಷಯ ನೆನಪಿರಲಿ: ಬೆಳಿಗ್ಗೆ ಮೀಯುವುದು ನಿನ್ನೆಯ ಬಿಸಿಲಿನ ನೀರಿನಲ್ಲಿ. ರಾತ್ರಿ ಪಾತ್ರೆ ತೊಳೆಯಲು ಬಿಸಿನೀರು ಸುರಿದರೆ ಬೆಳಿಗ್ಗೆ ಕೊನೆಗೆ ಮೀಯುವವರಿಗೆ ತಣ್ಣೀರೇ ಗತಿ. ಅಡುಗೆಮನೆಗೆ ಸೋಲಾರ್ ಲೈನ್ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಎಷ್ಟೋ ಮನೆಯವರು ಕೇಳುವುದಿಲ್ಲ, ಅದು ಬೇರೆ ಮಾತು.

ಜಾಗದ ವಿಷಯ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯನೂ ಇಲ್ಲಿ 54–56 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ದಕ್ಷಿಣದ ಪಕ್ಕದವರು ನಿಮ್ಮ ತಾರಸಿಗಿಂತ 20 ಅಡಿ ಎತ್ತರಕ್ಕೆ ಕಟ್ಟಿದರೆ ನಡುಮಧ್ಯಾಹ್ನವೇ 14 ಅಡಿ ನೆರಳು, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಈಗ ಅದು ಖಾಲಿ ಸೈಟ್ ಇರಬಹುದು, ಹಾಗೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಒಂದಡಿ ಮೇಲಿರಲಿ. ಮೆಟ್ಟಿಲಿನ ಹೆಡ್‌ರೂಮ್ ಮೇಲೆ ಕೂರಿಸಿದರೆ ಸುಲಭವಾಗಿ ಆಗುತ್ತದೆ. ಶವರಿಗೆ ಪ್ರೆಷರ್ ಪಂಪ್ ಹಾಕಿಸುವ ಆಸೆ ಇದ್ದರೆ ಸೋಲಾರ್ ಕೊಳ್ಳುವಾಗಲೇ ಹೇಳಿ. ಸಾದಾ ಟ್ಯಾಂಕ್ ಆ ಒತ್ತಡ ತಡೆಯುವುದಿಲ್ಲ, ಉಬ್ಬಿ ಸೋರಲು ಶುರುವಾಗುತ್ತದೆ.

ಪೈಪು. ಬಿಸಿನೀರಿಗೆ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು, ತಾರಸಿ ಮೇಲೆ ಹೊರಗೆ ಕಾಣುವಷ್ಟಕ್ಕೂ ಇನ್ಸುಲೇಶನ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಬಾತ್‌ರೂಮ್ 20 ಮೀಟರ್ ದೂರ ಇದ್ದರೆ ಪ್ರತಿ ಸಲ 5 ಲೀಟರ್ ತಣ್ಣೀರು ಹೋದ ಮೇಲೆಯೇ ಬಿಸಿ ಬರುವುದು. ನಿಮ್ಮ ಅಮ್ಮನ ರೂಮು ನೆಲಮಹಡಿಯಲ್ಲಿ, ಮನೆಯ ಹಿಂಭಾಗದಲ್ಲಿ ಅಂದಿರಿ. ಅವರ ಬಾತ್‌ರೂಮಿನ ನೇರ ಮೇಲೇ ಮಹಡಿಯ ಬಾತ್‌ರೂಮ್ ಬರಲಿ, ಅದರ ಮೇಲೆ ಸೋಲಾರ್. ಮಹಡಿಯ ಗೋಡೆ ಏಳುವ ಮುಂಚೆ ಪ್ಲಾನ್ ತಿದ್ದಿಸಿದರೆ ಕಾಸಿಲ್ಲದೆ ಆಗುವ ಕೆಲಸ ಇದು. ಅವರ ನಲ್ಲಿಗೆ, ಬಿಸಿ ಮಿತಿ ಮೀರದಂತೆ ತಾನೇ ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸಿ. ಬೇಸಿಗೆಯಲ್ಲಿ ಸೋಲಾರ್ ನೀರು 70–80 ಡಿಗ್ರಿ ಮುಟ್ಟುತ್ತದೆ, ವಯಸ್ಸಾದವರ ಚರ್ಮ ಸುಡಲು ಕೆಲವೇ ಸೆಕೆಂಡ್ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಅರ್ಧ ಟ್ಯೂಬುಗಳ ಮೇಲೆ ಗೋಣಿಚೀಲ ಹೊದಿಸುವವರೂ ಇದ್ದಾರೆ, ಒಳ್ಳೆಯದೇ.

ಮೋಡದ ದಿನಕ್ಕೆ ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಹಾಕಿಕೊಡುತ್ತೇವೆ ಅನ್ನುತ್ತಾರೆ. ಬೇಡ. ಒಬ್ಬರ ಸ್ನಾನಕ್ಕೆ 200 ಲೀಟರ್ ಕಾಯಿಸುವುದು ಯಾಕೆ, ಅಲ್ವಾ? ಬಾತ್‌ರೂಮಿನಲ್ಲಿ 15 ಲೀಟರಿನ ಫೈವ್ ಸ್ಟಾರ್ ಗೀಸರ್ ಇಡಿ. ಅದಕ್ಕೆ ತಣ್ಣೀರಿನ ಲೈನ್ ಬೇರೆ, ಸೋಲಾರ್ ಲೈನ್ ಬೇರೆ, ನಡುವೆ ವಾಲ್ವ್. 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಬೇಡಿ. ದೀಪಾವಳಿಗೆ ಮನೆ ತುಂಬ ನೆಂಟರು, ನೀರು ತುಂಬುವ ಹಬ್ಬದ ಮಾರನೇ ಬೆಳಿಗ್ಗೆ ಎಲ್ಲರಿಗೂ ಎಣ್ಣೆಸ್ನಾನ, ಆಕಾಶದಲ್ಲಿ ಮಾತ್ರ ಹಿಂಗಾರಿನ ಮೋಡ. ಆ ಒಂದು ದಿನಕ್ಕಾದರೂ ಗೀಸರ್ ಬೇಕೇ ಬೇಕು.

ಹೀಟ್ ಪಂಪ್ ಒಳ್ಳೆಯ ಯಂತ್ರ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ, ನಮ್ಮ ಹವೆಗೆ ಹೊಂದುತ್ತದೆ. ಆದರೆ ಐದು ಜನರ ಮನೆಗೆ ಅಷ್ಟು ದುಡ್ಡು ಸುರಿಯಬೇಕಿಲ್ಲ, ಪಿಜಿಗೋ ಹೋಟೆಲಿಗೋ ಸರಿ. ದಕ್ಷಿಣಕ್ಕೆ ಈಗಾಗಲೇ ದೊಡ್ಡ ಕಟ್ಟಡ ಇದ್ದರೆ ಮಾತ್ರ ಅದನ್ನು ಯೋಚಿಸಿ.

ಗ್ಯಾಸ್ ಗೀಸರನ್ನು ಬಾತ್‌ರೂಮಿನೊಳಗೆ ಯಾರು ಏನೇ ಹೇಳಿದರೂ ಕೂರಿಸಬೇಡಿ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ. ಹಾಕಿಸಲೇಬೇಕು ಅಂದರೆ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ.

ಅಮ್ಮ ತಾಮ್ರದ ಹಂಡೆ ಬಿಡುವುದಿಲ್ಲ ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ಹಿತ್ತಲಲ್ಲಿ ಜಾಗ ಇದ್ದರೆ, ತೆಂಗಿನ ಸೋಗೆ, ಚಿಪ್ಪು ಸಿಗುವುದಾದರೆ ಒಂದು ಒಲೆ ಕಟ್ಟಿಸಿ. ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗದ ಹಾಗೆ ಚಿಮಣಿಯನ್ನು ತಾರಸಿಗಿಂತ ಮೇಲಕ್ಕೆ ಎತ್ತಿಸಿ, ಸೋಲಾರ್ ಪ್ಯಾನಲ್ಲಿಗೆ ಮಸಿ ಕೂರದಷ್ಟು ದೂರದಲ್ಲಿ.