ಗಾಣದ ಹೊಂಗೆ ಎಣ್ಣೆಯನ್ನು ನೇರವಾಗಿ ಟ್ರ್ಯಾಕ್ಟರಿಗೆ ಹಾಕಬಹುದೇ?

ಮಾನ್ಯರೇ, ಗಾಣದಲ್ಲಿ ತೆಗೆಸಿದ ಹೊಂಗೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಅರ್ಧಕ್ಕರ್ಧ ಡೀಸೆಲ್ ಬೆರೆಸಿ ನಿಮ್ಮ ಹಳೆಯ ಟ್ರ್ಯಾಕ್ಟರಿಗೆ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಕೆಲವು ದಿನ ಇಂಜಿನ್ ಚೆನ್ನಾಗಿಯೇ ಓಡುವುದರಿಂದ ಎಷ್ಟೋ ರೈತರು ಮೋಸಹೋಗುತ್ತಾರೆ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುವ ಕಾರಣ ಇಂಜೆಕ್ಟರ್ ಅದನ್ನು ನುಣ್ಣನೆಯ ತುಂತುರಾಗಿ ಚಿಮ್ಮಿಸಲಾರದು. ಅರ್ಧ ಡೀಸೆಲ್ ಬೆರೆಸಿದರೂ ಈ ದೋಷ ಪೂರ್ತಿ ನೀಗುವುದಿಲ್ಲ. ಸರಿಯಾಗಿ ಉರಿಯದ ಹನಿಗಳು ನಾಜಲ್ ತುದಿಯಲ್ಲಿಯೂ ಪಿಸ್ಟನ್ ರಿಂಗುಗಳಲ್ಲಿಯೂ ಮಸಿಯಾಗಿ ಕಟ್ಟಿಕೊಳ್ಳುತ್ತವೆ, ಉಳಿದದ್ದು ಕೆಳಗಿಳಿದು ಇಂಜಿನ್ ಆಯಿಲನ್ನೇ ಗಟ್ಟಿಯಾಗಿಸುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿದ್ದು ನಿಜ, ಅದು ನಾವು ಹೆಮ್ಮೆಪಡಬೇಕಾದ ಕೆಲಸವೂ ಹೌದು. ಆದರೆ ನಿಂತಲ್ಲೇ ಒಂದೇ ವೇಗದಲ್ಲಿ ಓಡುವ ಜನರೇಟರ್ ಬೇರೆ, ಹೊಲದಲ್ಲಿ ಕ್ಷಣಕ್ಷಣಕ್ಕೂ ಹೊರೆ ಬದಲಾಗುವ ಟ್ರ್ಯಾಕ್ಟರ್ ಬೇರೆ.

ಎಣ್ಣೆಯನ್ನು ಬಯೋಡೀಸೆಲ್ ಆಗಿ ಮಾರ್ಪಡಿಸುವುದೇ ಸರಿಯಾದ ದಾರಿ. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಮತ್ತು ಕಾಸ್ಟಿಕ್ ಸೋಡಾದಂಥ ಸ್ವಲ್ಪ ಕ್ಷಾರ ಸೇರಿಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲಕಿದರೆ ಗ್ಲಿಸರಿನ್ ತಳಕ್ಕಿಳಿದು ತೆಳುವಾದ ಇಂಧನ ಮೇಲೆ ನಿಲ್ಲುತ್ತದೆ; ಅದನ್ನು ತೊಳೆದು ನೀರಿನಂಶ ತೆಗೆಯಬೇಕು. ಹಳೆಯ ಬೀಜದ ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಎಲ್ಲವೂ ಸಾಬೂನಾಗಿ ಕೆಡುತ್ತದೆ. ಮೆಥನಾಲ್ ವಿಷಕಾರಿ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಮನೆಯಲ್ಲಿ ಪ್ರಯತ್ನಿಸದೆ, ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನದಲ್ಲಿ ಮೊದಲು ವಿಚಾರಿಸಿ. ಬಯೋಡೀಸೆಲ್ ಸಿಕ್ಕ ಮೇಲೂ ಅದನ್ನು ಡೀಸೆಲ್‌ಗೆ ಶೇಕಡಾ 20ಕ್ಕಿಂತ ಹೆಚ್ಚು ಬೆರೆಸಬೇಡಿ, ಟ್ಯಾಂಕಿನ ಹಳೆಯ ಕೊಳೆಯನ್ನು ಅದು ಸಡಿಲಿಸುವುದರಿಂದ ಫಿಲ್ಟರನ್ನು ಬೇಗನೆ ಬದಲಾಯಿಸಿ.