ಮಂಗಳವಾರದ ಹೊಟ್ಟೆನೋವು

ಗುರುತು ಸಿಗದಂತೆ ವಯಸ್ಸು, ದಿನ, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.

ಮುಂಬಯಿ ಬಳಿಯ ಡೊಂಬಿವಲಿಯ 14 ವರ್ಷದ ಹುಡುಗಿ. ಮನೆಯವರು ಕುಂದಾಪುರದ ಕಡೆಯವರು, ತಂದೆಗೆ ಹೋಟೆಲಿನಲ್ಲಿ ಕೆಲಸ. ಕನ್ನಡಿಗರೇ ಸೇರಿ ನಡೆಸುವ ಕ್ರೀಡಾ ಬಳಗದಲ್ಲಿ ಎರಡು ವರ್ಷದಿಂದ ಕಬಡ್ಡಿ ಆಡುತ್ತಿದ್ದಳು. ಮಂಗಳವಾರ, ಗುರುವಾರ, ಶನಿವಾರ ಸಂಜೆ ಅಭ್ಯಾಸ. ಆ ಮೂರೇ ದಿನ ಮಧ್ಯಾಹ್ನದಿಂದ ಹೊಟ್ಟೆನೋವು. ಡಾಕ್ಟರಿಗೆ ಕಾರಣ ಸಿಗಲಿಲ್ಲ. ಓದಿನ ಒತ್ತಡ ಇರಬೇಕು ಎಂದುಕೊಂಡು ತಾಯಿ ಆಪ್ತಸಮಾಲೋಚನೆಗೆ ಕರೆತಂದರು. ಮಗಳು ನಾಟಕ ಮಾಡುತ್ತಿದ್ದಾಳೆ ಎಂಬ ಅನುಮಾನವೂ ಅವರಿಗಿತ್ತು. ನೋವು ನಿಜವೇ ಎಂದು ಮೊದಲು ಅವರಿಗೆ ಹೇಳಬೇಕಾಯಿತು. ಹೇಳಿಕೊಳ್ಳಲಾಗದ ಹೆದರಿಕೆ ಮಕ್ಕಳಲ್ಲಿ ಹೊಟ್ಟೆಗೋ ತಲೆಗೋ ಇಳಿಯುವುದು ಸಾಮಾನ್ಯ.

ಎರಡನೇ ಭೇಟಿಯಲ್ಲಿ, ತಾಯಿ ಹೊರಗೆ ಕೂತಿದ್ದಾಗ, ಹುಡುಗಿ ಮೊಬೈಲ್ ತೆಗೆದು ತೋರಿಸಿದಳು. ರೈಡ್ ಮಾಡುವಾಗ ಅವಳು ಜಾರಿ ಬಿದ್ದ ವಿಡಿಯೊ. ತಪ್ಪು ತಿದ್ದಲೆಂದು ಕೋಚ್ ಅದನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಬಳಗದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದರು. ಆ ಗ್ರೂಪಿನಲ್ಲಿ ಹನ್ನೊಂದು ವರ್ಷದ ಮಕ್ಕಳಿಂದ ಅರವತ್ತು ದಾಟಿದ ಹಿರಿಯರವರೆಗೆ ಎಲ್ಲರೂ ಇದ್ದರು. ಬೆಳಗಾಗುವಷ್ಟರಲ್ಲಿ ಯಾರೋ ಅವಳ ಬಿದ್ದ ಭಂಗಿಯನ್ನು ಸ್ಟಿಕ್ಕರ್ ಮಾಡಿದ್ದರು. ವಾರದೊಳಗೆ ಅದು ಊರಿನ ಕುಟುಂಬದ ಗ್ರೂಪಿನಲ್ಲೂ ಓಡಾಡಿತು. ಚಿಕ್ಕಮ್ಮನ ಮಗನೇ ಅದನ್ನು ಅವಳಿಗೆ ಕಳಿಸಿ ನಕ್ಕಿದ್ದ. ಮುಂಬಯಿಯ ಬಳಗದಲ್ಲಿ ಬಿದ್ದ ಮಾತು ಊರಿಗೆ ಮುಟ್ಟಲು ರೈಲು ಕಾಯುವುದಿಲ್ಲ.

ಅದೇ ಮೊಬೈಲಿನಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಕೋಚ್ ಅವಳೊಬ್ಬಳಿಗೇ ರಾತ್ರಿ ಸಂದೇಶ ಕಳಿಸುತ್ತಿದ್ದರು: ತೂಕ ಎಷ್ಟಾಯಿತು, ಊಟ ಏನು ಮಾಡಿದೆ. 24 ಗಂಟೆಗೆ ತಾನಾಗಿ ಅಳಿಯುವ ಸೆಟ್ಟಿಂಗ್ ಬೇರೆ. ಇಂಥದ್ದು ಕಂಡಾಗ ಸ್ಟಿಕ್ಕರನ್ನು ಪಕ್ಕಕ್ಕಿಟ್ಟು ಸುರಕ್ಷೆಯ ಪ್ರಶ್ನೆಗಳನ್ನೇ ಮೊದಲು ಕೇಳಬೇಕು. ಮನೆಯಲ್ಲಿ ಹೇಳಬೇಡ ಅಂದಿದ್ದಾರೆಯೇ? ಫೋಟೊ ಕೇಳಿದ್ದಾರೆಯೇ? ಒಬ್ಬಳನ್ನೇ ಎಲ್ಲಿಗಾದರೂ ಕರೆದಿದ್ದಾರೆಯೇ? ಮೈ ಬಗ್ಗೆ ಮಾತು, ಉಡುಗೊರೆ ಇದೆಯೇ? ಎಲ್ಲಕ್ಕೂ ಇಲ್ಲ ಎಂದಳು. ಮುಂದಿನ ಭೇಟಿಯಲ್ಲಿ ಬೇರೆ ಮಾತಿನಲ್ಲಿ ಮತ್ತೆ ಕೇಳಿದಾಗಲೂ ಉತ್ತರ ಅದೇ. ಒಂದಕ್ಕಾದರೂ ಹೌದು ಎಂದಿದ್ದು ಲೈಂಗಿಕ ಉದ್ದೇಶದ ಶಂಕೆ ಬಂದಿದ್ದರೆ, ವಿಷಯ ಬಳಗದ ಪಂಚಾಯಿತಿಗೆ ಸೇರುವುದಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಅಶ್ಲೀಲ ಚಿತ್ರವಿದ್ದರೆ ಸಾಕ್ಷಿಗೆಂದೂ ಅದನ್ನು ಇನ್ನೊಬ್ಬರಿಗೆ ಕಳಿಸಕೂಡದು. ಮೊಬೈಲನ್ನೇ ಪೊಲೀಸರ ಮುಂದಿಡಬೇಕು.

ಇಲ್ಲಿ ಅಂಥದ್ದಿರಲಿಲ್ಲ. ಆದರೂ ಕೋಚಿನ ನಡೆ ತಪ್ಪೇ. ಬಳಗದಲ್ಲಿ ಎಲ್ಲರೂ ಅಣ್ಣ, ಅಕ್ಕ, ಮಾಮ. ಹಾಗಾಗಿ ನಿಯಮ ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಆ ಸಲಿಗೆಯಿಂದಲೇ 'ಅಣ್ಣ ಹೀಗೆ ಕೇಳಬೇಡಿ' ಎನ್ನುವುದು ಹುಡುಗಿಗೆ ಆಗಲಿಲ್ಲ.

ಹುಡುಗಿಗೆ ಹೇಳಿದ್ದು: ಅಳಿಸುವ ಮೊದಲು ಗ್ರೂಪಿನ ಹೆಸರು, ಕಳಿಸಿದವರ ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕೊಡು. ಆಮೇಲೆ ಗ್ರೂಪಿನಿಂದ ಹೊರಗೆ ಬಾ, ಅಭ್ಯಾಸದ ಸಮಯ ಅಮ್ಮ ನೋಡಿ ಹೇಳುತ್ತಾರೆ. ಗ್ರೂಪಿನಲ್ಲೇ ಎಲ್ಲರೆದುರು ಕ್ಷಮೆ ಕೇಳಿಸಬೇಕು ಎಂದು ತಂದೆಯ ಹಟ. ಅವಳಿಗೆ ಅದು ಬೇಡ. ಕ್ಷಮೆಯ ನೆಪದಲ್ಲಿ ಅದೇ ವಿಡಿಯೊ ಮತ್ತೆ ಮಾತಿಗೆ ಬರುತ್ತದೆ ಅಂದಳು. ಅವಳ ಮಾತೇ ಸರಿ. ಅಮ್ಮನ ಎದುರಿಗೆ ಕೋಚ್ ಮುಖಾಮುಖಿ ಕ್ಷಮೆ ಕೇಳುವುದು, ಗ್ರೂಪಿನಲ್ಲಿ ಅಧ್ಯಕ್ಷರು ಅವಳ ಹೆಸರೆತ್ತದೆ ಎರಡೇ ಸಾಲು ಬರೆಯುವುದು ಎಂದು ತೀರ್ಮಾನವಾಯಿತು: 'ನಮ್ಮ ಮಕ್ಕಳ ವಿಡಿಯೊ, ಸ್ಟಿಕ್ಕರ್ ಯಾರ ಮೊಬೈಲಿನಲ್ಲಿದ್ದರೂ ಇಂದೇ ಅಳಿಸಿ. ಇನ್ನು ಮುಂದೆ ಹಾಕಿದವರನ್ನು ಗ್ರೂಪಿನಿಂದ ತೆಗೆಯುತ್ತೇವೆ.'

ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಅಳಿಸಬೇಕು ಎಂದದ್ದಕ್ಕೆ ಕಾರಣವಿದೆ. ಕಳಿಸಿ ಸುಮಾರು ಎರಡೂವರೆ ದಿನ ದಾಟಿದರೆ 'ಎಲ್ಲರಿಗೂ ಅಳಿಸು' ಸಿಗುವುದಿಲ್ಲ; ಇಲ್ಲಿ ಮೂರು ವಾರವಾಗಿತ್ತು. ಮೂಲ ಸಂದೇಶ ಹೋದರೂ ಗ್ಯಾಲರಿಗೆ ಇಳಿದ ವಿಡಿಯೊ, ಫೇವರಿಟ್‌ನಲ್ಲಿಟ್ಟ ಸ್ಟಿಕ್ಕರ್ ಹಾಗೇ ಉಳಿಯುತ್ತವೆ.

ಕೋಚ್ 27ರ ಯುವಕ. ಕರೆಸಿದಾಗ ಬೆಚ್ಚಿಬಿದ್ದರು, ಕಣ್ಣು ತುಂಬಿಕೊಂಡರು. ಅವರಿಗೆ ಹೇಳಿದ್ದು ಇಷ್ಟು. ತಿದ್ದುವುದನ್ನು ಮ್ಯಾಟಿನ ಮೇಲೆ ಆಗಲೇ ಬಾಯಲ್ಲಿ ಹೇಳಿ. ವಿಡಿಯೊ ಬೇಕೇ ಬೇಕಾದರೆ ಆ ಆಟಗಾರ್ತಿಗೆ ಮತ್ತು ಅವಳ ಹೆತ್ತವರಿಗೆ ಮಾತ್ರ. 18 ತುಂಬದವರಿಗೆ ಒಂಟಿಯಾಗಿ ಸಂದೇಶ ಬೇಡ. ಮಗು, ತಾಯಿ ಅಥವಾ ತಂದೆ, ಕೋಚ್ ಹೀಗೆ ಮೂವರ ಗ್ರೂಪ್ ಮಾಡಿ. ರಾತ್ರಿ ಒಂಬತ್ತರ ಮೇಲೆ ಏನೂ ಕಳಿಸಬೇಡಿ. ತಾನಾಗಿ ಅಳಿಯುವ ಸೆಟ್ಟಿಂಗ್ ತೆಗೆಯಿರಿ. ಮೊಬೈಲ್ ತುಂಬುತ್ತದೆಂದು ಹಾಕಿದ್ದಾಗಿ ಅವರೆಂದರು, ಇರಬಹುದು. ನಾಳೆ ಯಾರಾದರೂ ಸುಳ್ಳು ದೂರು ಕೊಟ್ಟರೆ ತನ್ನ ಪರ ತೋರಿಸಲು ಅವರ ಬಳಿ ಏನೂ ಉಳಿದಿರುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಬಳಗದ ಸಮಿತಿಯ ಜೊತೆ ಹೆಚ್ಚು ಹೊತ್ತು ಬೇಕಾಯಿತು. ಅಭ್ಯಾಸದ ಸಮಯ, ಬೈಗುಳ, ಹುಟ್ಟುಹಬ್ಬ, ಜೋಕು ಎಲ್ಲಕ್ಕೂ ಒಂದೇ ಗ್ರೂಪ್ ಇದ್ದದ್ದೇ ಮೂಲ ದೋಷ. ಪ್ರಕಟಣೆಗೆ ಅಡ್ಮಿನ್ ಮಾತ್ರ ಬರೆಯಬಲ್ಲ ಗ್ರೂಪ್, ಅದರಲ್ಲಿ ಮಕ್ಕಳ ಬದಲು ಹೆತ್ತವರು; ಹಿರಿಯರ ಹರಟೆಗೆ ಬೇರೆಯದು. ಅಡ್ಮಿನ್ ಇಬ್ಬರು, ಒಬ್ಬರು ತಾಯಂದಿರಲ್ಲೊಬ್ಬರು. ಅಡ್ಮಿನ್ ಒಪ್ಪದೆ ಹೊಸಬರು ಸೇರದಂತೆ ಸೆಟ್ಟಿಂಗ್. ಬಳಗ ಬಿಟ್ಟವರನ್ನು ವಾರದೊಳಗೆ ತೆಗೆಯಬೇಕು.

ಫೋಟೊಕ್ಕೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಗ್ರೂಪಿಗೆ, ಇನ್‌ಸ್ಟಾಗ್ರಾಮಿಗೆ, ಬ್ಯಾನರಿಗೆ ಬೇರೆಬೇರೆ ಗುರುತು ಹಾಕಿಸಬೇಕು, ಮಗುವನ್ನೂ ಕೇಳಬೇಕು. ಟೂರ್ನಮೆಂಟಿನ ಫೋಟೊ ತಂಡ ಮನೆ ಸೇರಿದ ಮೇಲೆ ಹಾಕಿ, ಶಾಲೆಯ ಹೆಸರು, ಹತ್ತುವ ಸ್ಟೇಷನ್ ಬರೆಯದೆ. ಕಬಡ್ಡಿಯಲ್ಲಿ ಚಿಕ್ಕವರ ವಿಭಾಗಕ್ಕೆ ವಯಸ್ಸಿನ ಜೊತೆ ತೂಕದ ಮಿತಿಯೂ ಇರುವುದರಿಂದ ಹುಡುಗಿಯರ ತೂಕದ ಪಟ್ಟಿ, ಆಧಾರ್ ಕಾರ್ಡಿನ ಫೋಟೊ ಎರಡೂ ಗ್ರೂಪಿನಲ್ಲೇ ಬಿದ್ದಿದ್ದವು. ಇವನ್ನು ಕಾರ್ಯದರ್ಶಿ ಒಬ್ಬರಿಗೇ ಕೊಡಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವುದೇ ಎಂದು ಆಯೋಜಕರನ್ನು ಮೊದಲು ಕೇಳಬೇಕು.

'ಮನೆಯವರಂತೆ ಇರುವವರಲ್ಲಿ ಎಂಥ ಒಪ್ಪಿಗೆ ಪತ್ರ?' ಎಂದು ಹಿರಿಯರೊಬ್ಬರು ಬೇಸರಪಟ್ಟರು. ಇನ್ನೊಬ್ಬರು, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೋರ್ಟೇ ಹೇಳಿದೆಯಲ್ಲ ಎಂದರು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಸಂದೇಶ ಹಾಕಿದವರ ಜೊತೆ ಸಮಾನ ಉದ್ದೇಶ ಇಲ್ಲದಿದ್ದರೆ ಅಡ್ಮಿನ್ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲಾಗದು ಎಂದದ್ದು ನಿಜ. ಆದರೆ ಸಮಿತಿಯ ಮುಂದಿದ್ದದ್ದು ಜೈಲಿನ ಪ್ರಶ್ನೆಯಲ್ಲ, ಆಟ ಬಿಡುತ್ತಿರುವ ಮಗುವಿನದು.

ಇದಾಗಿ ಮೂರನೇ ವಾರದ ಶನಿವಾರ ಹುಡುಗಿ ಗೆಳತಿಯ ಜೊತೆ ಹೋಗಿ ಇಪ್ಪತ್ತೇ ನಿಮಿಷ ಇದ್ದು ಬಂದಳು. ಮುಂದಿನ ವಾರ ಪೂರ್ತಿ ಅಭ್ಯಾಸ. ಹೊಟ್ಟೆನೋವು ಎರಡು ಸಲ ಮರುಕಳಿಸಿತು. ರೈಡಿಗೆ ಇನ್ನೂ ಒಪ್ಪಿಲ್ಲ, ಡಿಫೆನ್ಸ್ ಆಡುತ್ತಾಳೆ, ಕೋಚ್ ಒತ್ತಾಯಿಸಿಲ್ಲ. ಊರಿನ ಗ್ರೂಪಿನಲ್ಲಿ ಸ್ಟಿಕ್ಕರ್ ಉಳಿದಿದೆ. ಚಿಕ್ಕಮ್ಮನಿಗೆ ಫೋನ್ ಮಾಡುವುದು ತನ್ನ ಕೆಲಸ ಎಂದು ತಾಯಿ ಹೇಳಿ ಹೋಗಿದ್ದಾರೆ.